ಬ್ರಿಡ್ಜಿನ ಕೆಳಗೆ ಗೋಣಿದಾರ

ಕಾಫಿ ಬೀಜ ಒಣಗಿದೆಯೇ ಎಂದು ನೋಡಲು ಈಗ ಮಷೀನ್ ಬಂದಿದೆ. ವಸ್ತಾರೆ ಹತ್ತಿರದ ನಮ್ಮ ಸಣ್ಣ ತೋಟದಲ್ಲಿ ಮಾತ್ರ ಬಹುಕಾಲ ನನ್ನ ಹಲ್ಲೇ ಮಷೀನ್. ಕಣದಲ್ಲಿ ಹರಡಿದ ಪಾರ್ಚ್‌ಮೆಂಟಿನಿಂದ, ಅಂದರೆ ಒಳಸಿಪ್ಪೆ ಸಮೇತದ ಬೀಜದ ರಾಶಿಯಿಂದ, ಒಂದು ಬೀಜ ಹೆಕ್ಕಿ, ಸಿಪ್ಪೆ ಸುಲಿದು, ಎಡಗಡೆ ಕಚ್ಚುತ್ತಿದ್ದೆ. ಹಲ್ಲಿನ ಗುರುತು ಮೂಡಿದರೆ ಹಸಿ, ಕಟ್ಟೆಂದು ಒಡೆದರೆ ಒಣಗಿದೆ ಎಂದು ಲೆಕ್ಕ. ಹೋದ ವರ್ಷದ ಕೊಯ್ಲಿನಲ್ಲಿ ಕಟ್ಟೆಂದದ್ದು ಬೀಜವಲ್ಲ, ನನ್ನ ಹಲ್ಲು!

ಆ ಹಲ್ಲು ಕೀಳಿಸಿದ ಮೇಲೆ ನಕ್ಕರೆ ಸಂದು ಕಾಣುತ್ತಿತ್ತು. ನಾನೋ, ನಕ್ಕರೆ ಪಕ್ಕದ ತೋಟಕ್ಕೆ ಕೇಳಬೇಕು, ಅಂಥವಳು. ಸೆರಗನ್ನು ಬಾಯಿಗಿಟ್ಟು ಕಿಸಕ್ಕೆನ್ನುವ ಗತಿ ಬಂತಲ್ಲ ಎಂದು ಹೊಟ್ಟೆ ಉರಿಯಿತು. ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರಮ್ಮ ಅಕ್ಕಪಕ್ಕದ ಎರಡು ಹಲ್ಲು ತೇಯ್ದು ಸಣ್ಣ ಮಾಡಿ, ಕ್ಯಾಪ್ ಹಾಕಿ, ನಡುವೆ ಒಂದು ಕಟ್ಟಿದ ಹಲ್ಲು ಸೇರಿಸಿ ಬ್ರಿಡ್ಜ್ ಕೂರಿಸಿದರು. ಅವತ್ತು ಬಸ್ಸಿನಲ್ಲಿ ಕಾರಣವಿಲ್ಲದೆ ನಕ್ಕೆ.

"ಬೀಜ ಗೀಜ ಆ ಕಡೆ ಕಚ್ಚಬೇಡಿ. ದಿನಾ ಬ್ರಿಡ್ಜಿನ ಕೆಳಗೆ ದಾರ ಹಾಯಿಸಿ ಕ್ಲೀನ್ ಮಾಡ್ಕೊಳ್ಳಿ" ಎಂದು ಹೇಳಿ ಒಂದು ಪೊಟ್ಟಣ ದಾರವನ್ನೂ ಕೊಟ್ಟಿದ್ದರು. ಪೊಟ್ಟಣ ಖಾಲಿಯಾಯಿತು. ಯಜಮಾನರು, "ದಾರ ತಾನೇ? ನಮ್ಮನೇಲಿ ದಾರಕ್ಕೇನು ಬರ!" ಎಂದು ಕಾಫಿ ಚೀಲ ಹೊಲಿಯುವ ಗೋಣಿದಾರ ತಂದುಕೊಟ್ಟರು. ನಾನೂ ಎಂಥ ಪೆದ್ದಿ, ಅದನ್ನೇ ಎಳೆ ಬಿಡಿಸಿ ಹಾಯಿಸಿದೆ. ವಸಡು ಸೀಳಿ ರಕ್ತ ಬಂತು. ಹೆದರಿ ಆ ಕಡೆ ಬ್ರಶ್ಶನ್ನೇ ಮುಟ್ಟಿಸಲಿಲ್ಲ. ಹೇಗೂ ದುಡ್ಡು ಕೊಟ್ಟು ತಂದ ಹಲ್ಲು, ಹುಳುಕಾಗುವುದಿಲ್ಲ ಎಂಬ ಧೈರ್ಯ ಬೇರೆ. ಎರಡು ತಿಂಗಳಲ್ಲಿ ವಸಡು ಕೆಂಪಗೆ ಊದಿ, ಬಾಯಿ ವಾಸನೆ ಬರತೊಡಗಿತು.

ಗೋಣಿದಾರದ ಕತೆ ಕೇಳಿ ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕರು. "ಪುಣ್ಯ, ಗೋಣಿ ಹೊಲಿಯೋ ದಬ್ಬಣ ಹಾಕಿಲ್ವಲ್ಲ!" ಎಂದರು. ಆಮೇಲೆ ಗಂಭೀರವಾದರು. "ಅಮ್ಮಾ, ಕ್ಯಾಪ್ ಹುಳುಕಾಗಲ್ಲ ನಿಜ. ಒಳಗಿರೋ ಎರಡು ಹಲ್ಲು ನಿಮ್ಮವೇ ಅಲ್ವಾ? ಅಂಚಲ್ಲಿ ಕೊಳೆ ನಿಂತ್ರೆ ವಸಡು ಹಾಳಾಗುತ್ತೆ, ಆ ಹಲ್ಲೂ ಅಲ್ಲಾಡುತ್ತೆ. ಹದಿನೈದು ದಿನ ನೋಡೋಣ. ಊತ ಇಳೀದಿದ್ರೆ ಬ್ರಿಡ್ಜ್ ತೆಗೀಲೇಬೇಕಾಗುತ್ತೆ."

ಮತ್ತೆ ಬಾಯಿಗೆ ಸೆರಗೇ?

ಅವತ್ತೇ ಅವರು ಕೊಳೆಯನ್ನೆಲ್ಲ ತೆಗೆದು, ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂಥದ್ದೊಂದನ್ನೂ ಸರಿಯಾದ ದಾರವನ್ನೂ ಕೊಟ್ಟರು. ಊಟವಾದ ಕೂಡಲೇ ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಮೊದಲ ದಿನಗಳಲ್ಲಿ ರಕ್ತ ಬಂದರೂ ಬಿಡಲಿಲ್ಲ. ಗೋಣಿದಾರ ತಂದ ತಪ್ಪಿಗೆ ಯಜಮಾನರಿಗೆ ಟಾರ್ಚ್ ಹಿಡಿಯುವ ಶಿಕ್ಷೆ. "ಬಾಯೊಳಗೆ ಕಳೆ ಕೀಳೋದು ಮುಗೀತಾ ಮಾರಾಯ್ತಿ?" ಎಂದು ಗೊಣಗುತ್ತಿದ್ದರು.

ಹದಿನಾರನೆಯ ದಿನ ಡಾಕ್ಟರಮ್ಮ ಸಣ್ಣ ಕಡ್ಡಿಯಿಂದ ವಸಡಿನ ಅಂಚನ್ನು ಸುತ್ತಲೂ ಮುಟ್ಟಿ ನೋಡಿದರು. ನಾನು ಕುರ್ಚಿಯ ಕೈ ಹಿಡಿದು ಕೂತೆ. ಅವರು ಹತ್ತಿ ಒತ್ತಿ, ಹೊರತೆಗೆದು ತೋರಿಸಿದರು. ಬೆಳ್ಳಗಿತ್ತು.

"ಊತಾನೂ ಇಲ್ಲ, ರಕ್ತಾನೂ ಇಲ್ಲ. ಬ್ರಿಡ್ಜ್ ಇರ್ಲಿ ಬಿಡಿ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. "ಅಯ್ಯೋ, ನೋವಾಯ್ತಾ?"

"ಇಲ್ಲ ಡಾಕ್ಟ್ರೇ, ಖುಷಿಗೆ!"

ಬಾಗಿಲು ತೆಗೆದವಳೇ, ಹೊರಗೆ ಕಾಯುತ್ತಿದ್ದವರೆಲ್ಲರ ಎದುರು, "ರೀ, ಒಂದು ತೊಟ್ಟೂ ರಕ್ತ ಇಲ್ಲ ರೀ!" ಎಂದು ಕೂಗಿ ನಕ್ಕುಬಿಟ್ಟೆ. ಯಜಮಾನರು, "ಮೆಲ್ಲಗೆ ಮಾರಾಯ್ತಿ, ಎಲ್ರೂ ನೋಡ್ತಿದಾರೆ" ಎಂದರು.

"ನೋಡ್ಲಿ ಬಿಡಿ" ಎಂದು ಇನ್ನೂ ಜೋರಾಗಿ ನಕ್ಕೆ.