ಮೂಗು ವಾಪಸ್ ಬಂತು!

ಅಮೃತಹಳ್ಳಿಯ ನಮ್ಮ ಬೀದಿಯಲ್ಲಿ ಯಾರಿಗೂ ಅಲಾರಂ ಬೇಕಿರಲಿಲ್ಲ. ಬೆಳಗ್ಗೆ ಹಾಸಿಗೆ ಬಿಡುವ ಮೊದಲೇ ನಾನು ಸೀನಲು ಶುರುಮಾಡುತ್ತಿದ್ದೆ. ಅದನ್ನು ಕೇಳಿ ಎದುರುಮನೆಯವರು ಹಾಲು ಕಾಯಿಸಲು ಇಡುತ್ತಿದ್ದರು. ನಾನು ಯಶವಂತಪುರದ ಆಫೀಸಿಗೆ ಬಸ್ಸಿನಲ್ಲಿ ಹೋಗಿಬರುವವಳು. ಹಾಗಾಗಿ ತಪ್ಪೆಲ್ಲ ಹೆಬ್ಬಾಳದ ರಸ್ತೆಯ ಧೂಳಿನದೇ ಎಂದು ತೀರ್ಮಾನಿಸಿ, ಮನೆಯ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಭಾನುವಾರ ಕೋಣೆಯೊಳಗೇ ಹಾಸಿಗೆಯನ್ನು ಕೋಲಿನಿಂದ ಬಡಿಯುತ್ತಿದ್ದೆ. ಬಡಿದಷ್ಟೂ ಸೀನು, ಸೀನಿದಷ್ಟೂ ಇನ್ನಷ್ಟು ರೋಷದ ಬಡಿತ. ನಗಬೇಡಿ. ಕೊನೆಗೆ ಉಸಿರಿನ ಜೊತೆ ಎದೆಯಲ್ಲೂ ಸಿಳ್ಳೆ ಕೇಳತೊಡಗಿದಾಗ ನನ್ನ ಗಂಡ ಹೆದರಿ, ಅಲರ್ಜಿ ಡಾಕ್ಟರ ಬಳಿ ಕರೆದುಕೊಂಡು ಹೋದರು.

ಡಾಕ್ಟರು ನನ್ನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸಣ್ಣಗೆ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಒಂದು ಕಡೆ ಸೊಳ್ಳೆ ಕಚ್ಚಿದಂತೆ ದಪ್ಪಗೆ ಊದಿಕೊಂಡಿತು.

"ರೋಡಿನ ಧೂಳಲ್ಲ ಮೇಡಂ, ಡಸ್ಟ್ ಮೈಟು. ಹಾಸಿಗೆ, ದಿಂಬಲ್ಲಿ ಇರ್ತವೆ. ಕಣ್ಣಿಗೆ ಕಾಣಲ್ಲ, ಕಚ್ಚೋದೂ ಇಲ್ಲ. ನಮ್ಮ ಮೈಯಿಂದ ಉದುರೋ ಚರ್ಮದ ಪುಡಿ ತಿನ್ಕೊಂಡು ಬದುಕ್ತವೆ. ಅವುಗಳ ಹಿಕ್ಕೆನೇ ನಿಮಗೆ ಆಗ್ತಿಲ್ಲ."

ಕಳ್ಳ ಸಿಕ್ಕಿದ! ಮನೆಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನಾನೇ ತಿನ್ನಿಸಿ, ನಾನೇ ಬೆಚ್ಚಗೆ ಹೊದಿಸಿ ಸಾಕಿದ ಜೀವಿ ಇದು. ತಿಗಣೆ, ಚಿಗಟ, ಹೇನು, ಉಣ್ಣಿ ಎಂದು ಕಚ್ಚುವುದಕ್ಕೆಲ್ಲ ಚೊಕ್ಕ ಹೆಸರಿಟ್ಟ ನಮ್ಮ ಹಿರಿಯರು ಇದಕ್ಕೇಕೆ ಇಡಲಿಲ್ಲ? ಕಾಣದೆ, ಕಚ್ಚದೆ ಇರುವುದನ್ನು ಯಾರು ಕರೆದು ಮಾತಾಡಿಸುತ್ತಾರೆ! ತೆಂಗಿಗೆ ಬರುವ ನುಸಿ ನೆನಪಾಗಿ, ಹೆಬ್ಬಾಳ ದಾಟುವುದರೊಳಗೆ ನಾನೇ 'ಧೂಳುನುಸಿ' ಎಂದು ಹೆಸರಿಟ್ಟೆ.

ಊರಿನ ಹಳೇ ಮನೆತನದ ನನ್ನ ಅತ್ತೆಗೆ ಈ ಸುದ್ದಿ ಕೇಳಿ ಅವಮಾನವಾಯಿತು.

"ನಮ್ಮನೇಲಿ ಉಳ ಬಿದ್ದವೆ ಅಂದನಾ ಅವ್ನು? ದಿನಾ ಗುಡ್ಸಿ ಸಾರ್ಸೋ ಮನೆ!"

"ಎಲ್ಲರ ಮನೇಲೂ ಇರ್ತವಂತೆ ಅತ್ತೆ. ಡಾಕ್ಟ್ರ ಮನೇಲೂ."

"ಅಂಗಾ? ಅಂಗಾದ್ರೆ ಸರಿ," ಎಂದವರು ಮರುದಿನವೇ ಸೇನಾಪತಿಯಾದರು. ವಾರಕ್ಕೊಮ್ಮೆ ಹಾಸಿಗೆ ಬಟ್ಟೆಗಳನ್ನೆಲ್ಲ ಕುದಿಯುವಂಥ ನೀರಿನಲ್ಲಿ ನೆನೆಹಾಕಿಸತೊಡಗಿದರು. "ಕೈ ಇಕ್ಕಕ್ಕಾಗ್ಬಾರ್ದು, ಅಷ್ಟು ಬಿಸಿ ಇರ್ಲಿ!" ಹಳೇ ದಿಂಬುಗಳು ಹೋದವು, ಕೋಣೆಯ ಜಮಖಾನ ಹೋಯಿತು. ಹಾಸಿಗೆಗೆ ಒತ್ತಾಗಿ ನೇಯ್ದ ಜಿಪ್ಪಿನ ಗವಸು ಬಂತು. ಪೊರಕೆಯ ಬದಲು ಒದ್ದೆ ಬಟ್ಟೆ. ತೇವವೆಂದರೆ ನುಸಿಗಳಿಗೆ ಹಬ್ಬವಂತೆ. ನಾನು ಮುಚ್ಚಿದ್ದ ಕಿಟಕಿಗಳನ್ನು ಒಣಹವೆಯ ಹೊತ್ತು ನೋಡಿ ನಾನೇ ತೆರೆದೆ. ಮೂಗಿಗೆ ಡಾಕ್ಟರು ಕೊಟ್ಟ ಸ್ಪ್ರೇಯನ್ನೂ ತಪ್ಪಿಸಲಿಲ್ಲ. ನುಸಿಗಳು ಪೂರ್ತಿ ಹೋಗುವುದಿಲ್ಲ, ಕಮ್ಮಿಯಾಗುತ್ತವೆ ಎಂದು ಅವರು ಮೊದಲೇ ಹೇಳಿದ್ದರು. ಸೀನೂ ಹಾಗೇ ಮೆಲ್ಲಗೆ ಕಮ್ಮಿಯಾಯಿತು. ಎದೆಯ ಸಿಳ್ಳೆ ನಿಂತಿತು.

ಚಳಿ ಶುರುವಾಗಿ ಅವರೆಕಾಯಿ ಗಾಡಿ ಬೀದಿಗೆ ಬಂತು. ಸೊಗಡಿನ ಕಾಯಿ ಮೂಸಿ ಆರಿಸುವುದು ನಮ್ಮನೆಯಲ್ಲಿ ಅತ್ತೆಯ ಹಕ್ಕು. ಸದಾ ಕಟ್ಟಿದ ಮೂಗಿನ, ವಾಸನೆಯೇ ತಿಳಿಯದ ನಾನು ಚೀಲ ಹಿಡಿದು ಹಿಂದೆ ನಿಲ್ಲುವವಳು. ಅಂದು ಇನ್ನೂ ಗೇಟು ದಾಟಿರಲಿಲ್ಲ, ಮೂಗಿಗೆ ಏನೋ ಘಮ್ಮೆಂದು ಬಡಿಯಿತು. ಹಸಿರು, ಒಗರು, ಎಣ್ಣೆ ಜಿಡ್ಡಿನಂಥ ಘಮ.

"ಅತ್ತೆ, ಸೊಗಡು! ಇಲ್ಲೀವರೆಗೂ ಬರ್ತಿದೆ!" ಎಂದು ಕೂಗಿಯೇಬಿಟ್ಟೆ.

ಅತ್ತೆ ಗಾಡಿಯಿಂದ ಒಂದು ಕಾಯಿ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ ಅದನ್ನು ನನ್ನ ಕೈಯಲ್ಲಿಟ್ಟು, ಮೆಲ್ಲಗೆ ಹೇಳಿದರು: "ಓದ ವರ್ಸದಿಂದ ನಂಗೆ ಸರ್ಯಾಗಿ ಗೊತ್ತಾಗಾಕಿಲ್ಲ ಕಣವ್ವ. ಇನ್ಮೇಲೆ ನೀನೇ ನೋಡಿ ತಗಾ."

ಚೀಲವನ್ನು ಅವರೇ ಇಸಿದುಕೊಂಡು ಹಿಂದೆ ನಿಂತರು. ನಾನು ಒಂದೊಂದೇ ಕಾಯಿ ಎತ್ತಿ, ಕಣ್ಣು ಮುಚ್ಚಿ, ಉಸಿರು ತುಂಬ ಮೂಸಿದೆ. ಗಾಡಿಯವನಿಗೆ ತಾಳ್ಮೆ ಮುಗಿಯಿತು.

"ಏನಕ್ಕ, ಅವರೆಕಾಯಿ ಇವತ್ತೇ ನೋಡ್ತಿರೋದಾ?"

"ಇಷ್ಟು ದಿನ ಬರೀ ನೋಡಿದ್ದು ಕಣಪ್ಪ," ಎಂದು ಇನ್ನೊಂದು ಕಾಯಿ ಎತ್ತಿಕೊಂಡೆ.