ಮೇಷ್ಟ್ರ ಕರ್ಚೀಫು

ಲಾಂಡ್ರಿ ಅಕ್ಕ ಯಾರ ಮೇಲಾದರೂ ಹಲ್ಲು ಮಸೆದರೆ ಅರ್ಧಕ್ಕೆ ಬಿಡುವವಳಲ್ಲ. ನಿವೃತ್ತ ಮೇಷ್ಟ್ರ ಮೇಲಂತೂ ಮೂವತ್ತು ವರ್ಷದಿಂದ ಮಸೆಯುತ್ತಲೇ ಇದ್ದಳು. ಕಾರಣ, ಅಂಗಡಿಯ ಹಿಂದಿನ ಕೋಣೆಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಅವಳ ತಮ್ಮ.

ತಮ್ಮನಿಗೆ ಆಟಿಸಂ. ಅವನು ಚಿಕ್ಕವನಿದ್ದಾಗ ಆ ಹೆಸರೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಳು ವರ್ಷವಾದರೂ ಮಾತಿಲ್ಲ. ಸದ್ದು ಹೆಚ್ಚಾದರೆ ಎರಡೂ ಕೈ ಪಟಪಟ ಬಡಿಯುತ್ತಿದ್ದ. ಮೇಷ್ಟ್ರು ಅವನಿಗೆ ‘ರೆಕ್ಕೆ’ ಎಂದು ಹೆಸರಿಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅಕ್ಕ ಕ್ಷಮಿಸುತ್ತಿದ್ದಳೇನೋ. ಆ ಪುಣ್ಯಾತ್ಮರು ದಿನಾ ಜೇಬಿನಿಂದ ಕರ್ಚೀಫು ತೆಗೆದು, ಅವನ ಮಣಿಕಟ್ಟುಗಳನ್ನು ಜೋಡಿಸಿ ಡೆಸ್ಕಿನ ಕಂಬಿಗೆ ಕಟ್ಟುತ್ತಿದ್ದರು. “ಕೈ ಸುಮ್ಮನಿದ್ರೆ ಮಾತು ತಾನೇ ಬರುತ್ತೆ” ಎಂಬುದು ಅವರು ಕಂಡುಹಿಡಿದ ಮದ್ದು. ಬಿಚ್ಚುತ್ತಿದ್ದದ್ದು ಕೊನೆಯ ಗಂಟೆ ಹೊಡೆದ ಮೇಲೆಯೇ. ಪಕ್ಕದ ಕ್ಲಾಸಿನಲ್ಲಿದ್ದ ಅಕ್ಕ ಕಿಟಕಿಯಿಂದ ಅದನ್ನು ಕಂಡಿದ್ದಳು. ಅವನ ಚಡ್ಡಿ ಒದ್ದೆಯಾದದ್ದನ್ನೂ ಕಂಡಿದ್ದಳು.

ಮಾತು ಬಂದದ್ದು ಆ ಶಾಲೆ ಬಿಡಿಸಿ ಎಷ್ಟೋ ಕಾಲವಾದ ಮೇಲೆ. ಹದಿಹರೆಯದಲ್ಲಿ ನಿದ್ದೆ ಕೆಟ್ಟಿತು, ಗೋಡೆಗೆ ತಲೆ ಚಚ್ಚಿಕೊಂಡ. ಆಗ ಮೆದುಳಿನ ಡಾಕ್ಟರಮ್ಮ ಅಕ್ಕನಿಗೆ ಬಿಡಿಸಿ ಹೇಳಿದರು. “ಎಲ್ಲಾ ಮಕ್ಕಳ ಮೆದುಳಲ್ಲೂ ಮೊದಲು ಬೇಕಾದ್ದಕ್ಕಿಂತ ಜಾಸ್ತಿ ನರದ ಎಳೆ ಹೆಣೆದ್ಕೊಳ್ಳುತ್ತೆ, ಬೆಳೀತಾ ಬೇಡದ್ದು ಕಳಚುತ್ತೆ. ಇಂಥವರಲ್ಲಿ ಕೆಲವರಿಗೆ ಮೊದಲ ವರ್ಷಗಳಲ್ಲಿ ದಡದಡ ಬೆಳೆದುಬಿಡುತ್ತೆ, ಕಳಚೋದು ಮಾತ್ರ ನಿಧಾನ. ಫ್ಯಾನಿನ ಸದ್ದು, ಪಕ್ಕದವನ ಪಿಸುಮಾತು, ಪಾಠ, ಎಲ್ಲಾ ಒಂದೇ ಜೋರಲ್ಲಿ ನುಗ್ಗಿದ್ರೆ ಏನ್ಮಾಡ್ತಾನೆ? ಕೈ ಬಡಿಯೋದು ಅವನು ತನ್ನನ್ನ ತಾನೇ ಸಮಾಧಾನ ಮಾಡ್ಕೊಳ್ಳೋ ದಾರಿ ಕಣಮ್ಮಾ. ಇಪ್ಪತ್ತು ದಾಟಿದ್ರೂ ಮೆದುಳು ಮಾಗ್ತಾನೇ ಇರುತ್ತೆ, ಕಾಯ್ಬೇಕು.”

ಅಕ್ಕ ಕಾದಳು. ಇಪ್ಪತ್ತೈದರ ಹೊತ್ತಿಗೆ ಅವನು ಒಂದು ಹದಕ್ಕೆ ಬಂದ. ಬಿಸಿ ಇಸ್ತ್ರಿಯ ಭಾರ ಅವನಿಗೆ ಇಷ್ಟ. ಕೈ ಈಗಲೂ ಬಡಿಯುತ್ತಾನೆ, ಯಾರಪ್ಪನ ಗಂಟೂ ಹೋಗುವುದಿಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಕೋಟೂ ಕರ್ಚೀಫೂ ಹಿಡಿದುಕೊಂಡು ಅಂಗಡಿಗೇ ಬಂದರು. ಹಳೆಯ ಶಾಲೆಯಲ್ಲಿ ಅವರಿಗೆ ಸನ್ಮಾನವಂತೆ. “ನಿನ್ನ ತಮ್ಮನ್ನ ಸ್ಟೇಜಿಗೆ ಕರ್ಕೊಂಡ್ ಬಾಮ್ಮಾ. ಇವನನ್ನ ಮನುಷ್ಯನ್ನ ಮಾಡಿದ್ದು ನಾನು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ.”

ಅಕ್ಕನ ಮೈ ಉರಿದುಹೋಯಿತು. ಬಾಯಿ ಮಾತ್ರ ಬೆಣ್ಣೆ. “ಅದಕ್ಕೇನ್ ಸಾರ್, ಬರ್ತೀವಿ. ಕೋಟೂ ಕರ್ಚೀಫೂ ಗರಿಗರಿ ಮಾಡ್ಕೊಡ್ತೀವಿ.” ಮೈಕು ಕಿತ್ತುಕೊಂಡು ಅವರ ಮಾನ ಹರಾಜು ಹಾಕುವುದೆಂದು ಆಗಲೇ ತೀರ್ಮಾನಿಸಿದ್ದಳು. ಒಂದೇ ಭಯ. ಚಪ್ಪಾಳೆಯ ಸದ್ದಿಗೆ ತಮ್ಮ ಎಲ್ಲರೆದುರು ಕುಸಿದರೆ ಗೆಲ್ಲುವವರು ಮೇಷ್ಟ್ರೇ. ತನ್ನ ಸೇಡಿಗೆ ಅವನನ್ನು ಬಲಿ ಕೊಡುತ್ತಿದ್ದೇನಾ ಎನಿಸಿ, ಮೇಷ್ಟ್ರು ಹೋದ ಮೇಲೆ ಹಿಂದಿನ ಕೋಣೆಗೆ ಹೋದಳು.

“ಬರ್ತೀಯೇನೋ? ತುಂಬ ಜನ ಇರ್ತಾರೆ. ಚಪ್ಪಾಳೆ ಹೊಡೀತಾರೆ.”

ತಮ್ಮ ಇಸ್ತ್ರಿ ನಿಲ್ಲಿಸಲಿಲ್ಲ. “ಮೇಷ್ಟ್ರು ಇರ್ತಾರಾ?”

“ಇರ್ತಾರೆ.”

“ಹಂಗಾದ್ರೆ ಬರ್ತೀನಿ.”

ಸಮಾರಂಭದ ದಿನ ಮೇಷ್ಟ್ರು ಹಾರ ಹಾಕಿಸಿಕೊಂಡು ಕೈಯಿರುವ ದೊಡ್ಡ ಕುರ್ಚಿಯಲ್ಲಿ ಬೀಗುತ್ತಾ ಕೂತರು. ತಮ್ಮ ಪಕ್ಕಕ್ಕೆ ಬಂದು ನಿಂತದ್ದೇ ತಡ, ಚಪ್ಪಾಳೆ. ಅವನು ಕಣ್ಣು ಮುಚ್ಚಿ ಕೈ ಬಡಿದ. ಮುಂದಿನ ಸಾಲಿನಲ್ಲಿದ್ದ ಅಕ್ಕನ ಜೀವ ಬಾಯಿಗೆ ಬಂತು. ಆದರೆ ಅವನು ನಿಂತಲ್ಲೇ ನಿಂತ.

“ಇವನಿಗೆ ಒಂದು ಮಾತೂ ಬರ್ತಿರ್ಲಿಲ್ಲ!” ಎಂದರು ಮೇಷ್ಟ್ರು. “ನಾನು ಏನ್ಮಾಡ್ದೆ, ಎಲ್ಲರಿಗೂ ತೋರಿಸಪ್ಪಾ, ರೆಕ್ಕೆ.”

ತಮ್ಮ ಬಾಗಿ ಮೇಷ್ಟ್ರ ಕೋಟಿನ ಜೇಬಿನಿಂದ ಕರ್ಚೀಫು ಎಳೆದ. ತಾನೇ ಇಸ್ತ್ರಿ ಹಾಕಿದ್ದ ಅದನ್ನು ಮೂಲೆಯಿಂದ ಮೂಲೆಗೆ ಮಡಚಿ, ಅವರ ಮಣಿಕಟ್ಟುಗಳನ್ನು ಜೋಡಿಸಿ ಕುರ್ಚಿಯ ಕೈಗೆ ಬಿಗಿದ. ಸಭೆ ನಕ್ಕಿತು, ಮೇಷ್ಟ್ರೂ ನಕ್ಕರು. ಅವನು ಇನ್ನೊಂದು ಗಂಟು ಹಾಕಿದ.

“ಹಿಂಗೆ,” ಎಂದು ಮೈಕಿಗೆ ಹೇಳಿದ. “ದಿನಾ. ನಂಗೆ ಏಳು ವರ್ಷ. ನೋಯ್ತಿತ್ತು. ಉಚ್ಚೆ ಬಂದ್ರೂ ಬಿಚ್ತಿರ್ಲಿಲ್ಲ.” ಆಮೇಲೆ ಮೇಷ್ಟ್ರ ಕಡೆ ತಿರುಗಿದ. “ಈಗ ಕೈ ಸುಮ್ಮನಿದೆ. ಮಾತಾಡಿ.”

ಮೇಷ್ಟ್ರ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಸಭೆಯಲ್ಲಿ ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ಅಕ್ಕ ಬಾಯಿಪಾಠ ಮಾಡಿಕೊಂಡು ಬಂದಿದ್ದ ಬೈಗುಳವೆಲ್ಲ ಮರೆತೇಹೋಗಿತ್ತು. ಇಷ್ಟು ಸುಖವಾಗಿ ಆಕೆ ಯಾವತ್ತೂ ಕೂತಿರಲಿಲ್ಲ.

“ಬಿಚ್ಚಮ್ಮಾ,” ಎಂದು ಮೇಷ್ಟ್ರು ಕೊನೆಗೆ ಅವಳತ್ತ ನೋಡಿ ಗೊಣಗಿದರು.

“ಅವನನ್ನೇ ಕೇಳಿ ಸಾರ್.”

ತಮ್ಮ ಗೋಡೆಯ ಗಡಿಯಾರ ನೋಡಿದ. ಅವನ ಕೈಗಳು ಪಟಪಟ ಬಡಿಯುತ್ತಿದ್ದವು.

“ಕೊನೇ ಗಂಟೆ ಹೊಡೀಲಿ,” ಎಂದ.