ಬಾಯಿ ಬಿಟ್ಟು ಕೇಳಲು ಕಲಿಸಿದ ಬ್ಯಾಂಕಿನ ಅತ್ತೆ

ಬ್ಯಾಂಕಿನ ಅತ್ತೆ ಮೂಗಿನ ಎರಡೂ ಕಡೆ ಮೂಗುಬೊಟ್ಟು ಇಡುತ್ತಿದ್ದರು. ಓದುವ ಕನ್ನಡಕ ಜಾರಿ ಬಂದು ಆ ಎರಡು ಹರಳುಗಳ ಮೇಲೇ ಕೂರುತ್ತಿತ್ತು. ಅದನ್ನು ಮೇಲೆ ತಳ್ಳುವ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಗದ್ದವನ್ನೇ ಎತ್ತಿ ಓದುತ್ತಿದ್ದರು. ಹಾಗಾಗಿ ಪತ್ರಿಕೆಯಾಗಲಿ, ಔಷಧದ ಚೀಟಿಯಾಗಲಿ, ಅವರು ಏನೇ ಓದಿದರೂ ಯಾರಿಗೋ ಸವಾಲು ಹಾಕುತ್ತಿರುವಂತೆ ಕಾಣುತ್ತಿತ್ತು.

ಅವರು ನಮಗೆ ಸಂಬಂಧದಲ್ಲಿ ಅತ್ತೆಯಲ್ಲ. ಹೊಸದುರ್ಗದಲ್ಲಿ ನಮ್ಮ ಎದುರುಮನೆಯವರು. ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಎಂದು ಸುತ್ತಲ ಊರುಗಳ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಂಡು ನಿವೃತ್ತರಾಗಿದ್ದರು. ಅವರ ಯಜಮಾನರಿಗೆ ಮಾಡದಕೆರೆ ಹತ್ತಿರ ತೆಂಗಿನ ತೋಟ. ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದರು, ಬಂದರೂ ಮಾತು ಕಮ್ಮಿ. ಗಂಡನ ಪಾಲಿನ ಮಾತನ್ನೂ ತಾವೇ ಆಡಿಬಿಡುವುದು ಅತ್ತೆಯ ಪದ್ಧತಿ. ಬಿಸಿಲು ಇಳಿದ ಮೇಲೆ ನಮ್ಮ ಬಟ್ಟೆ ಅಂಗಡಿಯ ಬೆಂಚಿನ ಮೇಲೆ ಬಂದು ಕೂತು, ಟೀಯನ್ನು ಸಾಸರಿಗೆ ಬಗ್ಗಿಸಿ ಊದಿ ಕುಡಿದು, ಬಂದ ಗಿರಾಕಿಗಳ ಮಕ್ಕಳು ಏನು ಓದುತ್ತಿದ್ದಾರೆಂದು ವಿಚಾರಿಸುತ್ತಿದ್ದರು. ಅಪ್ಪನನ್ನು ಅವರು ಕರೆಯುತ್ತಿದ್ದುದು ‘ಸಾವ್ಕಾರ್ರೆ’ ಎಂದು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ.

ಅವರಿಗೆ ಆಗದ ಒಂದೇ ಪದವೆಂದರೆ ‘ಹೆಂಗೋ’. ಯಾರಾದರೂ ಮಗನ ಓದಿನ ಬಗ್ಗೆ ಕೇಳಿದಾಗ “ಹೆಂಗೋ ಆಗುತ್ತೆ ಬಿಡ್ರಿ” ಎಂದರೆ ಸಾಕು, ಸಾಸರ್ ಕೆಳಗಿಟ್ಟು, “ಹೆಂಗೋ ಅನ್ನೋ ಊರಿಗೆ ಬಸ್ಸಿಲ್ಲ ಕಣಪ್ಪ. ಹೆಂಗೆ ಅಂತ ಹೇಳು” ಎನ್ನುತ್ತಿದ್ದರು.

ನನಗೆ ಪಿಯುಸಿ ಮುಗಿದ ವರ್ಷ ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಪದವಿಗೆ ಸೀಟು ಸಿಕ್ಕಿತು. ಶುಲ್ಕ ಮಾತ್ರ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಾವು ಬಡವರಲ್ಲ. ಅಪ್ಪನ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, ಅಮ್ಮ ಹೈಸ್ಕೂಲು ಶಿಕ್ಷಕಿ. ಸರ್ಕಾರದ ವಿದ್ಯಾರ್ಥಿವೇತನಗಳ ಆದಾಯ ಮಿತಿಯನ್ನು ನಾವು ಎಂದೋ ದಾಟಿದ್ದೆವು. ಆದರೆ ಅಜ್ಜಿಗೆ ವಾರ ವಾರವೂ ಚಿತ್ರದುರ್ಗದಲ್ಲಿ ಡಯಾಲಿಸಿಸ್, ತಮ್ಮನಿಗೆ ದಾವಣಗೆರೆಯ ಹಾಸ್ಟೆಲ್. ಊರವರ ಕಣ್ಣಿಗೆ ಕಾಣುವುದು ಅಂಗಡಿಯ ಬೋರ್ಡು ಮಾತ್ರ. ಅಪ್ಪ, “ನೀನು ಬಟ್ಟೆ ಬರೆ ಜೋಡಿಸ್ಕ. ಮಿಕ್ಕಿದ್ದು ನಾನು ನೋಡ್ಕಂತೀನಿ” ಎಂದರು. ಹೇಗೆ ನೋಡಿಕೊಳ್ಳುತ್ತಾರೆಂದು ಅಮ್ಮನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೇಳಿದ್ದು ಅತ್ತೆ. ವಿಶ್ವವಿದ್ಯಾಲಯದ ವೆಬ್‌ಸೈಟನ್ನು ನನ್ನ ಮೊಬೈಲಿನಲ್ಲಿ ತೆಗೆಸಿ, ಗದ್ದ ಎತ್ತಿ ಓದಿದರು. ಅಲ್ಲಿ ಶುಲ್ಕದ ನೆರವು ಕಡು ಬಡವರಿಗೆ ಮಾತ್ರ ಇರಲಿಲ್ಲ. ಕುಟುಂಬದ ಆದಾಯ, ಖರ್ಚು ಎರಡನ್ನೂ ನೋಡಿ, ಯಾರಿಗೆ ಎಷ್ಟು ಕಟ್ಟಲಾಗದೋ ಅಷ್ಟು ಶುಲ್ಕವನ್ನು ಮನ್ನಾ ಮಾಡುವ ಪದ್ಧತಿಯಿತ್ತು. ಅವತ್ತು ಸಂಜೆಯೇ ಅಂಗಡಿಗೆ ಬಂದು, “ಸಾವ್ಕಾರ್ರೆ, ನಿಮ್ಮಂತೋರಿಗೂ ಐತೆ. ಅರ್ಜಿ ಹಾಕ್ರಿ” ಎಂದರು.

ಅಪ್ಪ ಅಳತೆ ಮಾಡುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟರು. “ಅಕ್ಕ, ಮಠದ ಹಾಸ್ಟೆಲಿಗೆ ವರ್ಷವರ್ಷ ಅಕ್ಕಿ ಕೊಡೋ ಮನೆ ನಮ್ದು. ನಾನು ಹೋಗಿ ಕೈ ಒಡ್ಡಾಕಾಗುತ್ತಾ? ಅದೂ ಬಡ ಮಕ್ಳ ಪಾಲಿಗೆ?”

ಅತ್ತೆ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. “ಒಳ್ಳೇ ಪ್ರಶ್ನೆ ಕೇಳಿದ್ರಿ. ನಾನೇ ಫೋನ್ ಮಾಡಿ ವಿಚಾರಿಸ್ದೆ. ಬಡ ಮಕ್ಳಿಗೆ ಪೂರ್ತಿ ಫೀಸು ಬಿಟ್ಟ ಮೇಲೇನೇ ಉಳಿದೋರ ಅರ್ಜಿ ತೆಗೀತಾರಂತೆ. ನೀವು ಯಾರ ತಟ್ಟೆಗೂ ಕೈ ಹಾಕ್ತಿಲ್ಲ” ಎಂದರು. ಆಮೇಲೆ, ಸ್ವಲ್ಪ ದನಿ ಇಳಿಸಿ, “ಬ್ಯಾಂಕಿನಾಗೆ ಇಷ್ಟು ವರ್ಷ ಕುಂತು ನೋಡಿದೀನಿ. ಬಡವ್ರು ಕೇಳ್ತಾರೆ, ವಿಧಿ ಇಲ್ಲ. ಶ್ರೀಮಂತ್ರೂ ಕೇಳ್ತಾರೆ, ಅವ್ರಿಗೆ ರೂಢಿ. ನಡುವಿನೋರು ಮಾತ್ರ ಬಾಯಿಗೆ ಬೀಗ ಹಾಕ್ಕಂಡು ಇರೋದನ್ನ ಮಾರ್ಕಂತಾರೆ” ಎಂದರು.

‘ಮಾರ್ಕಂತಾರೆ’ ಎಂದಾಗ ಅಪ್ಪ ತಲೆ ತಗ್ಗಿಸಿದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಅಂತೂ ಅರ್ಜಿ ಹೋಯಿತು. ಅಪ್ಪ ಒಪ್ಪಿದರು ಎನ್ನುವುದಕ್ಕಿಂತ, ಅತ್ತೆಯನ್ನು ಬೆಂಚಿನಿಂದ ಎಬ್ಬಿಸಲು ಅದೊಂದೇ ದಾರಿ ಎಂದು ಸಹಿ ಹಾಕಿದರು.

ಕೆಲವು ದಿನಗಳಲ್ಲಿ ವಿಶ್ವವಿದ್ಯಾಲಯದವರು ವಿಡಿಯೊ ಕರೆಯಲ್ಲಿ ಮಾತಾಡಬೇಕೆಂದರು. ಅಂಗಡಿಯಲ್ಲಿ ಗದ್ದಲ, ಮನೆಯಲ್ಲಿ ಅಜ್ಜಿ ಮಲಗಿದ್ದರು. ಹಾಗಾಗಿ ಅತ್ತೆಯ ನಡುಮನೆಯಲ್ಲೇ ಕೂತೆವು. ಅಪ್ಪ ಬಿಳಿ ಅಂಗಿ ಹಾಕಿ, ಮದುವೆಗೆ ಹೊರಟವರ ಹಾಗೆ ತಲೆ ಬಾಚಿದ್ದರು. ಅವರ ಪಕ್ಕ ಅಮ್ಮ, ನಾನು. ಅತ್ತೆ ಪರದೆಗೆ ಕಾಣದಂತೆ ಗೋಡೆಗೆ ಒರಗಿ, ಬಿದಿರಿನ ಮೊರದಲ್ಲಿ ಶೇಂಗಾ ಬಿಡಿಸುತ್ತಿದ್ದರು. ಆ ಕಡೆ ಒಬ್ಬ ಹೆಂಗಸು, ಕನ್ನಡದವರೇ, ನಗುತ್ತ ನನ್ನ ಓದಿನ ಬಗ್ಗೆ ಕೇಳಿದರು. ನಂತರ ಅಪ್ಪನಿಗೆ, “ಸರ್, ನಿಮಗೆ ಭಾರವಾಗದ ಹಾಗೆ ವರ್ಷಕ್ಕೆ ಎಷ್ಟು ಕಟ್ಟಬಹುದು?” ಎಂದರು.

ಅಪ್ಪ ಎದೆ ಸೆಟೆಸಿ, “ಪೂರ್ತಿ ಕಟ್ತೀವಿ ಮೇಡಂ. ತೊಂದ್ರೆ ಏನಿಲ್ಲ” ಎಂದುಬಿಟ್ಟರು.

ಶೇಂಗಾ ಸಿಪ್ಪೆ ಒಡೆಯುವ ಸದ್ದು ನಿಂತಿತು. “ಹಾಗಾದರೆ ನೆರವು...” ಎಂದು ಆ ಕಡೆಯ ಹೆಂಗಸು ಶುರು ಮಾಡುವಷ್ಟರಲ್ಲಿ ಅತ್ತೆ ಮೊರ ಹಿಡಿದುಕೊಂಡೇ ಬಂದು ಪರದೆಯ ಮುಂದೆ ಬಗ್ಗಿದರು.

“ನಮಸ್ಕಾರ ಮೇಡಂ, ನಾನು ಎದುರುಮನೆಯೋಳು. ಇವ್ರು ಈಗ ಹೇಳಿದ್ದು ಮರ್ಯಾದೆ ಮಾತು. ದುಡ್ಡಿನ ಮಾತು ಬೇರೆ ಐತೆ, ಅದನ್ನೂ ಅವ್ರೇ ಹೇಳ್ತಾರೆ. ಸ್ವಲ್ಪ ತಡೀರಿ.” ಅಪ್ಪನ ಕಡೆ ತಿರುಗಿ, “ಹೇಳ್ರಿ ಸಾವ್ಕಾರ್ರೆ. ಅವತ್ತು ಅಂಗಡಿಗೆ ಬಂದಿದ್ದ ಬ್ರೋಕರ್ ಹತ್ರ ಏನ್ ಮಾತಾಡಿದ್ರಿ, ಅದನ್ನ ಹೇಳ್ರಿ” ಎಂದರು.

“ಯಾವ ಬ್ರೋಕರು?” ಎಂದು ಅಮ್ಮ ಅಪ್ಪನ ಕಡೆ ತಿರುಗಿ ಕೇಳಿದರು.

ಹೊಳಲ್ಕೆರೆ ರಸ್ತೆಯಲ್ಲಿ ನಮ್ಮದೊಂದು ಸೈಟಿತ್ತು. ಅಮ್ಮ ಸಂಬಳದಲ್ಲಿ ಉಳಿಸಿ ಕೊಂಡದ್ದು. ಅಡುಗೆಮನೆಗೆ ಯಾವ ಕಡೆ ಕಿಟಕಿ ಇರಬೇಕೆನ್ನುವುದನ್ನೂ ಅವರು ಎಂದೋ ತೀರ್ಮಾನಿಸಿದ್ದರು. ಆ ಸೈಟಿಗೆ ಗಿರಾಕಿ ಹುಡುಕಲು ಅಪ್ಪ ಬ್ರೋಕರಿಗೆ ಗುಟ್ಟಾಗಿ ಹೇಳಿದ್ದರು. ಗಿರಾಕಿ ಸಿಕ್ಕ ಮೇಲೆ ಅಮ್ಮನನ್ನು ಒಪ್ಪಿಸಿದರಾಯಿತು ಎಂದು ಅವರ ಯೋಚನೆ. ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿದ್ದ ಅತ್ತೆಗೆ ಅದು ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

“ಸೈಟ್ ಮಾರಾಣ ಅಂತಿದ್ದೆ,” ಎಂದರು ಅಪ್ಪ, ಅಮ್ಮನ ಮುಖ ನೋಡದೆ.

“ನನ್ನ ಕೇಳ್ದಂಗೆ?” ಅಮ್ಮ ಜೋರು ಮಾಡಲಿಲ್ಲ. ಅವರ ಕಣ್ಣು ತುಂಬಿದ್ದು ನೋಡಿ ಅಪ್ಪನ ಬಿಗು ಸಡಿಲಿತು. ಪರದೆಯ ಕಡೆ ತಿರುಗಿ, ಅಜ್ಜಿಯ ಚಿಕಿತ್ಸೆ, ತಮ್ಮನ ಹಾಸ್ಟೆಲು, ಮದುವೆ ಕಾಲ ಬಿಟ್ಟರೆ ಅಂಗಡಿಯಲ್ಲಿ ವ್ಯಾಪಾರ ಎಷ್ಟು ತಣ್ಣಗಿರುತ್ತದೆ, ಎಲ್ಲವನ್ನೂ ಹೇಳಿದರು. ಕೊನೆಗೆ, “ಮೇಡಂ, ಅರ್ಧ ಕಟ್ಟಾಕೆ ಆಗುತ್ತೆ. ಅದರ ಮೇಲೆ ಕಷ್ಟ ಐತೆ” ಎಂದರು. ಅಪ್ಪನ ಬಾಯಲ್ಲಿ ‘ಕಷ್ಟ’ ಎಂಬ ಪದವನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ನಾಚಿಕೆಯಾಗಲಿಲ್ಲ. ಅವರ ಮೇಲೆ ಎಂದಿಗಿಂತ ಹೆಚ್ಚು ಅಕ್ಕರೆ ಬಂತು.

“ಇದನ್ನೇ ಸರ್ ನಾವು ಕೇಳಬೇಕಾಗಿದ್ದದ್ದು,” ಎಂದರು ಆ ಹೆಂಗಸು.

ಹೆಚ್ಚುಕಮ್ಮಿ ಅರ್ಧ ಶುಲ್ಕ ಬಿಟ್ಟರು. ಉಳಿದದ್ದನ್ನು ಅಪ್ಪ ಅಮ್ಮ ಕಟ್ಟಿದರು. ಊಟ ವಸತಿಗೆ ನನ್ನ ಹೆಸರಿನಲ್ಲಿ ಒಂದು ಚಿಕ್ಕ ಸಾಲ. ಅದು ನನ್ನ ಹೆಸರಿನಲ್ಲೇ ಇರಬೇಕೆಂದು ಹಟ ಹಿಡಿದವರೂ ಅತ್ತೆಯೇ. “ಓದು ನಿಂದು, ಅದರ ತೂಕಾನೂ ಸ್ವಲ್ಪ ನೀನು ಹೊರು. ಬೆನ್ನು ನೆಟ್ಟಗಾಗುತ್ತೆ.” ಸೈಟು ಉಳಿಯಿತು. ಅಮ್ಮ ಅಪ್ಪನ ಜೊತೆ ಒಂದಷ್ಟು ದಿನ ಮಾತು ಬಿಟ್ಟಿದ್ದರು. ಮುಂದೆ ಆ ಸೈಟಿನಲ್ಲಿ ಮನೆಗೆ ಪಾಯ ತೆಗೆದ ದಿನ ಎಲ್ಲರಿಗೂ ಹೋಳಿಗೆ ಬಡಿಸಿದರು.

ಸುದ್ದಿ ಹಬ್ಬಿ ಜನ ಅತ್ತೆಯನ್ನು ಹುಡುಕಿಕೊಂಡು ಬರತೊಡಗಿದರು. ಪಿಗ್ಮಿ ಕಟ್ಟುವ ಅಂಗಡಿಯವರು, ಇಂಜಿನಿಯರರು, ಹೈಸ್ಕೂಲು ಮೇಷ್ಟ್ರುಗಳು. ಎಲ್ಲರೂ ಮೊದಲು ಹೇಳುತ್ತಿದ್ದುದು ಒಂದೇ ಮಾತು: “ನಮಗೇನೂ ಕೊರತೆ ಇಲ್ಲ, ಸುಮ್ನೆ ವಿಚಾರಿಸ್ಕಂಡು ಹೋಗಾಣ ಅಂತ ಬಂದ್ವಿ.” ಎಲ್ಲರಿಗೂ ಸಿಕ್ಕಿತೆಂದಲ್ಲ. ಭರಮಸಾಗರದ ಬೀಜ ಗೊಬ್ಬರದ ವ್ಯಾಪಾರಿಯೊಬ್ಬರ ಮಗನ ಅರ್ಜಿ ತಿರಸ್ಕೃತವಾದಾಗ ಅವರು ಬಂದು, ಮಾನ ಹೋಯಿತೆಂದು ಅತ್ತೆಯ ಮೇಲೆ ರೇಗಿದರು. ಅತ್ತೆ ಟೀ ಕೊಟ್ಟು, “ಇಲ್ಲ ಅನ್ನಿಸ್ಕಂಡ್ರೆ ಮೈ ಸವೆಯಲ್ಲ. ಇನ್ನೊಂದು ಕಾಲೇಜಿನ ಬಾಗ್ಲು ಬಡಿಯಾಣ, ಬರ್ರಿ” ಎಂದರು. ಆ ಹುಡುಗ ಈಗ ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾನೆ.

ಇನ್ನೊಬ್ಬರು ಅತ್ತೆಯ ಗಂಡನ ಕಡೆಯ ನೆಂಟರೇ. ತೋಟದ ಆದಾಯ ಮುಚ್ಚಿಟ್ಟು ಅರ್ಜಿ ಹಾಕುವುದು ಹೇಗೆಂದು ಕೇಳಿದರು. ಅತ್ತೆ ಎದ್ದು ಅವರ ಚಪ್ಪಲಿಯನ್ನು ಬೀದಿಯ ಕಡೆ ತಿರುಗಿಸಿಟ್ಟರು. “ಕೇಳಿ ತಗಂಡ್ರೆ ನೆರವು. ಸುಳ್ಳು ಹೇಳಿ ತಗಂಡ್ರೆ ಕಳವು. ಊಟ ಮಾಡಿ ಹೋಗ್ರಿ, ಈ ಮಾತು ಮಾತ್ರ ಬ್ಯಾಡ.” ಅವರು ಊಟ ಮಾಡಲಿಲ್ಲ. ಮುಂದೆ ಆ ಮನೆಯ ಮದುವೆಗೆ ಅತ್ತೆಗೆ ಕರೆಯೂ ಬರಲಿಲ್ಲ. ಅತ್ತೆ ಅದನ್ನು ನಗುತ್ತಲೇ ಹೇಳಿಕೊಳ್ಳುತ್ತಿದ್ದರು.

ನಾನು ಓದು ಮುಗಿಸಿ ಈಗ ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಸಾಲದ ಕೊನೆಯ ಕಂತು ಕಟ್ಟಿದ ದಿನ ಅತ್ತೆಗೆ ಸೀರೆ ತಂದುಕೊಟ್ಟೆ. ಸೆರಗು ಸವರಿ ನೋಡಿ, “ಅಂಗಡಿ ಮಗಳಲ್ವಾ, ಬಟ್ಟೆ ಆರಿಸಾಕೆ ಬರುತ್ತೆ” ಎಂದರು. ಕೃತಜ್ಞತೆಯ ನಾಲ್ಕು ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದನ್ನೂ ಆಡಲು ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಜೀವಕೋಶ ಅಂದರೆ ಏನು, ಅದು ಹೇಗೆ ಒಂದರಿಂದ ಎರಡಾಗುತ್ತದೆ ಎಂದು ಹೇಳಿಸಿಕೊಂಡರು. ಅರ್ಥವಾಗದ್ದನ್ನು ಮತ್ತೆ ಮತ್ತೆ ಕೇಳಿದರು. ಅಷ್ಟು ಒಳ್ಳೆಯ ವಿದ್ಯಾರ್ಥಿ ನನಗೆ ಇನ್ನೂ ಸಿಕ್ಕಿಲ್ಲ.

ಕಳೆದ ಬೇಸಿಗೆಯಲ್ಲಿ ಅತ್ತೆ ತೋಟದಲ್ಲಿ ಮಧ್ಯಾಹ್ನದ ಊಟ ಮಾಡಿ ಮಲಗಿದವರು ಏಳಲಿಲ್ಲ. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಮಣ್ಣು ಮಾಡಿದ ದಿನ ನಾನಾ ಊರುಗಳಿಂದ ಓದುವ ಮಕ್ಕಳು, ಓದಿ ಮುಗಿಸಿದವರು ಬಂದಿದ್ದರು. ಅವರಲ್ಲಿ ಎಷ್ಟೋ ಜನರನ್ನು ಯಜಮಾನರು ನೋಡಿಯೇ ಇರಲಿಲ್ಲ. ಎಲ್ಲರೂ ಹೋದ ಮೇಲೆ ಅವರು ನಮ್ಮಪ್ಪನ ಪಕ್ಕ ಬಂದು ಕೂತರು. “ನಾಳಿಂದ ಯಾರಾದ್ರೂ ಮಕ್ಳ ಓದಿನ ವಿಷ್ಯ ಕೇಳ್ಕಂಡು ಬಂದ್ರೆ ನಾನೇನು ಹೇಳ್ಲಿ? ನಂಗೆ ಏನೂ ಗೊತ್ತಿಲ್ಲಲ್ರಿ” ಎಂದರು.

ಅಪ್ಪ ಅವರ ಕೈ ಹಿಡಿದುಕೊಂಡರು. “ನನ್ನ ಹತ್ರ ಕಳ್ಸ್ರಿ,” ಎಂದರು. “ಕೇಳೋದು ಹೆಂಗೆ ಅಂತ ನನಗೆ ಗೊತ್ತು.”